ಕ್ವೆರಿಯಲ್ಲಿ ನಲ್ ಇದ್ದರೆ ಹೋಲಿಸುವುದು ಹೇಗೆ?

ಬೇರೆಯವರ ಎಸ್‌ಕ್ಯೂಎಲ್ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ರಿವ್ಯೂ ಮಾಡುವಾಗ ನಾನು ಮೊದಲು ಹುಡುಕುವುದು 'ನಾಟ್ ಇನ್', ಅಂದರೆ 'ಈ ಪಟ್ಟಿಯಲ್ಲಿ ಇಲ್ಲ' ಎನ್ನುವ ಷರತ್ತು. ಅದರೊಳಗಿನ ಸಬ್‌ಕ್ವೆರಿಯಲ್ಲಿ (ಒಳಗಿನ ಕ್ವೆರಿಯಲ್ಲಿ) ನಲ್ ಬರಬಹುದಾ ಅಂತ ನೋಡದೆ ಮುಂದೆ ಹೋಗುವುದಿಲ್ಲ.

ನಲ್ ಅಂದರೆ ವ್ಯಾಲ್ಯೂ ಗೊತ್ತಿಲ್ಲ ಅಂತ. ಸೊನ್ನೆ ಬೇರೆ, ಖಾಲಿ ಸ್ಟ್ರಿಂಗ್ ಬೇರೆ. ಒರಾಕಲ್ ಡೇಟಾಬೇಸ್ ಮಾತ್ರ ಖಾಲಿ ಸ್ಟ್ರಿಂಗನ್ನೂ ನಲ್ ಅಂತಲೇ ಲೆಕ್ಕ ಹಾಕುತ್ತದೆ. ಗೊತ್ತಿಲ್ಲದ್ದನ್ನು 5ಕ್ಕೆ ಹೋಲಿಸಿದರೆ ಟ್ರೂ ಬರುವುದಿಲ್ಲ, ಫಾಲ್ಸೂ ಬರುವುದಿಲ್ಲ. ಬರುವುದು 'ಅನ್‌ನೋನ್'. ನಲ್ = ನಲ್ ಅಂತ ಕೇಳಿದರೂ ಅದೇ ಉತ್ತರ. ಸಾಲುಗಳನ್ನು ಸೋಸುವ 'ವೇರ್' ಇಟ್ಟುಕೊಳ್ಳುವುದು ಟ್ರೂ ಆದ ಸಾಲುಗಳನ್ನು ಮಾತ್ರ. ಉಳಿದವು ಯಾವ ಎರರ್ ಇಲ್ಲದೆ ಸುಮ್ನೆ ಬಿಟ್ಟುಹೋಗುತ್ತವೆ. ಹಾಗಾಗಿ ನಲ್ ಹುಡುಕಲು 'ಈಸ್ ನಲ್' ಅಥವಾ 'ಈಸ್ ನಾಟ್ ನಲ್' ಬರೆಯಿರಿ.

ಸ್ಟೇಟಸ್ <> 'ಮುಗಿದಿದೆ' (ಅಂದರೆ ಸಮವಲ್ಲ) ಅಂತ ಬರೆದರೆ ಸ್ಟೇಟಸ್ಸೇ ತುಂಬದ ಸಾಲುಗಳು ಬರುವುದಿಲ್ಲ. ಅವೂ ಬೇಕಾದರೆ 'ಆರ್ ಸ್ಟೇಟಸ್ ಈಸ್ ನಲ್' ಸೇರಿಸಿ. ಪಕ್ಕದಲ್ಲಿ 'ಆಂಡ್' ಇದ್ದರೆ ಈ ಎರಡು ಷರತ್ತುಗಳನ್ನು ಕಂಸದಲ್ಲಿ ಹಾಕಲೇಬೇಕು. ಇಲ್ಲದಿದ್ದರೆ ಅರ್ಥವೇ ಬದಲಾಗುತ್ತದೆ.

ಈಗ ನಾಟ್ ಇನ್ ವಿಷಯ. ಎಂಪ್ಲಾಯಿ ಟೇಬಲ್‌ನಲ್ಲಿ ಯಾರಿಗೂ ಮ್ಯಾನೇಜರ್ ಅಲ್ಲದವರು ಬೇಕು. 'ಐಡಿ ನಾಟ್ ಇನ್' ಬರೆದು, ಒಳಗೆ ಮ್ಯಾನೇಜರ್_ಐಡಿ ಸೆಲೆಕ್ಟ್ ಮಾಡಿದಿರಿ. ಎಲ್ಲರಿಗಿಂತ ಮೇಲಿರುವವರಿಗೆ ಮ್ಯಾನೇಜರ್ ಇಲ್ಲ, ಅಲ್ವಾ? ಅಲ್ಲಿ ನಲ್ ಕೂತಿದೆ. ಉಳಿದ ಮ್ಯಾನೇಜರ್ ಐಡಿಗಳು 1, 4 ಅಂದುಕೊಳ್ಳಿ. ಡೇಟಾಬೇಸ್ ಅದನ್ನು ಹೀಗೆ ಓದುತ್ತದೆ: ಐಡಿ <> 1 ಆಂಡ್ ಐಡಿ <> 4 ಆಂಡ್ ಐಡಿ <> ನಲ್. ಕೊನೆಯದು ಯಾವಾಗಲೂ ಅನ್‌ನೋನ್. ಹಾಗಾಗಿ ಇಡೀ ಷರತ್ತು ಒಂದು ಸಾಲಿಗೂ ಟ್ರೂ ಆಗುವುದಿಲ್ಲ, ರಿಸಲ್ಟ್ ಖಾಲಿ. ಇಂಥ ಕಡೆ 'ನಾಟ್ ಎಕ್ಸಿಸ್ಟ್ಸ್' ಬರೆಯಿರಿ. ಅದು ನೋಡುವುದು ಹೊಂದುವ ಸಾಲು ಇದೆಯೋ ಇಲ್ಲವೋ ಅಂತ ಮಾತ್ರ.

ಎರಡು ಕಾಲಮ್‌ಗಳಲ್ಲೂ ನಲ್ ಇದ್ದರೆ ಸಮ ಅಂತ ಬೇಕಾ? ಪೋಸ್ಟ್‌ಗ್ರೆಸ್‌ನಲ್ಲಿ 'ಈಸ್ ನಾಟ್ ಡಿಸ್ಟಿಂಕ್ಟ್ ಫ್ರಮ್' ಇದೆ. ಎಸ್‌ಕ್ಯೂಎಲ್ ಸರ್ವರ್‌ಗೆ ಅದು 2022ರ ಆವೃತ್ತಿಯಲ್ಲಿ ಬಂತು. ಮೈಎಸ್‌ಕ್ಯೂಎಲ್‌ನಲ್ಲಿ <=> ಸಾಕು.

ತುಂಬಾ ಜನ ಇದಕ್ಕೆ ಕೋಅಲೆಸ್ (ನಲ್ ಇದ್ದರೆ ಬೇರೆ ವ್ಯಾಲ್ಯೂ ಕೊಡುವ ಫಂಕ್ಷನ್) ಹಾಕಿ ನಲ್ ಬದಲು -1 ಇಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಾಳೆ ನಿಜವಾಗಿ -1 ಬಂದರೆ ಎರಡೂ ಒಂದಾಗುತ್ತವೆ. ಜತೆಗೆ ಆ ಕಾಲಮ್‌ನ ಸಾಮಾನ್ಯ ಇಂಡೆಕ್ಸ್ (ಬೇಗ ಹುಡುಕಲು ಇರುವ ಪಟ್ಟಿ) ಹೆಚ್ಚಾಗಿ ಕೆಲಸಕ್ಕೆ ಬರುವುದಿಲ್ಲ. ತೋರಿಸುವಾಗ, ಅಂದರೆ ಸೆಲೆಕ್ಟ್ ಪಟ್ಟಿಯಲ್ಲಿ, ಕೋಅಲೆಸ್ ಧಾರಾಳವಾಗಿ ಬಳಸಿ.

'ಚೆಕ್' ಕನ್‌ಸ್ಟ್ರೇಂಟ್ (ಟೇಬಲ್‌ಗೆ ಸೇರುವ ಡೇಟಾಗೆ ಹಾಕುವ ನಿಯಮ) ಮಾತ್ರ 'ವೇರ್'ಗೆ ಉಲ್ಟಾ. ಅದು ಫಾಲ್ಸ್ ಬಂದರಷ್ಟೇ ತಡೆಯುತ್ತದೆ, ಅನ್‌ನೋನ್ ಬಂದರೆ ಒಳಗೆ ಬಿಡುತ್ತದೆ. ವಯಸ್ಸು > 0 ಅಂತ ಚೆಕ್ ಇದ್ದರೂ ನಲ್ ಸೇರಿಕೊಳ್ಳುತ್ತದೆ. ವಯಸ್ಸು ಬೇಕೇ ಬೇಕು ಅಂದರೆ ಕಾಲಮ್‌ಗೆ 'ನಾಟ್ ನಲ್' ಕೂಡ ಹಾಕಿ.