ಹತ್ತಿ ಪಂಚೆ ಸುಟ್ಟು ಗಂಧಕ ಕುಡಿಸುವುದು: ಬಾಗುವ ಕ್ಯಾಥೋಡ್ ಮಾಡುವ ಬಗೆ

ನಾನು ಬೆಳೆದದ್ದು ವಿಜಯಪುರದ ಕಡೆ, ದ್ರಾಕ್ಷಿ ತೋಟದ ಮನೆಯಲ್ಲಿ. ಬೂದಿ ರೋಗಕ್ಕೆ ಗಂಧಕ ಹೊಡೆದು ಬಂದ ದಿನ ಅಪ್ಪನ ಅಂಗಿಯಿಂದ ಬರುತ್ತಿದ್ದ ವಾಸನೆ ಈಗಲೂ ಮೂಗಿನಲ್ಲಿದೆ. ಇವತ್ತು ಬೆಂಗಳೂರಿನ ಲ್ಯಾಬೊಂದರಲ್ಲಿ ಅದೇ ಗಂಧಕವನ್ನು ಸುಟ್ಟ ಹತ್ತಿ ಬಟ್ಟೆಗೆ ಕುಡಿಸಿ ಲಿಥಿಯಂ-ಗಂಧಕ ಬ್ಯಾಟರಿಯ ಕ್ಯಾಥೋಡ್, ಅಂದರೆ ಅದರ ಪ್ಲಸ್ ಬದಿ, ಮಾಡುತ್ತೇನೆ. ಊರಿಗೆ ಹೋಗಿ ಹೇಳಿದರೆ ಎಲ್ಲರೂ ನಗುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ. ಇದು ಆರ್ಗಾನ್ ತುಂಬಿದ ಗ್ಲವ್ ಬಾಕ್ಸ್ (ಗಾಳಿ ತಾಗದಂತೆ ಕೈಗವಸಿನಿಂದ ಕೆಲಸ ಮಾಡುವ ಪೆಟ್ಟಿಗೆ), ಟ್ಯೂಬ್ ಫರ್ನೇಸ್, ಹೊಗೆ ಎಳೆಯುವ ಫ್ಯೂಮ್ ಹುಡ್ ಇರುವ ಲ್ಯಾಬಿನ ಕೆಲಸ. ಅಡುಗೆಮನೆಯಲ್ಲಿ ಬೇಡ.

ಬಟ್ಟೆಯೇ ಯಾಕೆ? ಒಂದು ಗ್ರಾಂ ಗಂಧಕ ಲೆಕ್ಕದ ಪ್ರಕಾರ 1675 ಮಿಲಿಆಂಪ್-ಅವರ್ ಚಾರ್ಜ್ ಕೊಡಬೇಕು. ಇ-ಸ್ಕೂಟರ್‌ಗಳಲ್ಲಿ ಬರುವ ಲಿಥಿಯಂ ಐರನ್ ಫಾಸ್ಫೇಟ್‌ಗೆ ಅದೇ ಲೆಕ್ಕ 170. ಆದರೆ ಗಂಧಕದ ಕಾಟ ಮೂರು. ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಲಿಥಿಯಂ ಸೇರಿದಾಗ ಸುಮಾರು 80% ಊದಿಕೊಳ್ಳುತ್ತದೆ. ನಡುವೆ ಹುಟ್ಟುವ ಪಾಲಿಸಲ್ಫೈಡ್‌ಗಳು (ಲಿಥಿಯಂ, ಗಂಧಕ ಸೇರಿದ ಸಂಯುಕ್ತಗಳು) ಸೆಲ್ಲಿನೊಳಗಿನ ದ್ರವದಲ್ಲಿ, ಅಂದರೆ ಎಲೆಕ್ಟ್ರೋಲೈಟ್‌ನಲ್ಲಿ, ಕರಗಿ ಎದುರು ಬದಿಯ ಲಿಥಿಯಂ ಹಾಳೆಯ ಕಡೆಗೆ ಓಡಿಹೋಗುತ್ತವೆ. ಅಲ್ಯೂಮಿನಿಯಂ ಹಾಳೆಗೆ ಬಳಿದ ಮಾಮೂಲಿ ಪೇಸ್ಟ್ ಬಾಗಿಸಿದರೆ ಬಿರುಕು ಬಿಡುತ್ತದೆ. ಇಂಗಾಲದ ಬಟ್ಟೆಯಲ್ಲಿ ಹಾಗಲ್ಲ. ಎಳೆಗಳೇ ತಂತಿ, ಎಳೆಗಳ ನಡುವಿನ ಜಾಗವೇ ಊದಲು ಜಾಗ. ಹಾಳೆಯೂ ಬೇಡ, ಅಂಟೂ ಬೇಡ.

ಬಟ್ಟೆ ಆರಿಸುವಾಗ ಬಣ್ಣ ಹಾಕದ, ತೆಳುವಾದ, ನೇಯ್ದ ಹತ್ತಿ ಬಟ್ಟೆ ನೋಡಿ. ನಾನು ಬಿಳಿ ಪಂಚೆ ತರುತ್ತೇನೆ, ಅಂಚಿನ ಜರಿ ಕತ್ತರಿಸಿ ಬಿಸಾಕುತ್ತೇನೆ. ಪಾಲಿಯೆಸ್ಟರ್ ಬೆರೆತಿದ್ದರೆ ಅದು ಕರಗಿ ಮುದ್ದೆಯಾಗುತ್ತದೆ. ಹೊಸ ಬಟ್ಟೆಯ ಗಂಜಿ ಪೂರ್ತಿ ಹೋಗಬೇಕು. ಬಿಸಿನೀರಿನಲ್ಲಿ ಮೂರು ಸಲ, ಎಥನಾಲ್‌ನಲ್ಲಿ ಒಂದು ಸಲ ತೊಳೆದು ಒಣಗಿಸಿ. ಗಂಜಿ ಉಳಿದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡೇ ಸುಡುತ್ತವೆ, ಬಟ್ಟೆ ಹಪ್ಪಳವಾಗುತ್ತದೆ.

ಸುಡುವಾಗ ಬಟ್ಟೆಯನ್ನು ಎರಡು ಗ್ರಾಫೈಟ್ ಹಲಗೆಗಳ ನಡುವೆ ಇಡಿ, ಇಲ್ಲದಿದ್ದರೆ ಸುರುಳಿ ಸುತ್ತಿಕೊಳ್ಳುತ್ತದೆ. ಆರ್ಗಾನ್ ಹರಿಯುತ್ತಿರಲಿ. 400 ಡಿಗ್ರಿ ತನಕ ನಿಮಿಷಕ್ಕೆ 2 ಡಿಗ್ರಿಯಂತೆ ಏರಿಸಿ, ಇಲ್ಲಿ ಅವಸರ ಬೇಡ. 250 ರಿಂದ 400ರ ನಡುವೆ ಹತ್ತಿಯ ಸೆಲ್ಯುಲೋಸ್ ಮುರಿದು ಹೊಗೆ, ಟಾರು ಎಲ್ಲ ಹೊರಬರುತ್ತದೆ. ಆಗ ಓಡಿಸಿದರೆ ಎಳೆ ಒಡೆಯುತ್ತದೆ. ಆಮೇಲೆ ನಿಮಿಷಕ್ಕೆ 5 ಡಿಗ್ರಿಯಂತೆ 900ಕ್ಕೆ ಹೋಗಿ ಒಂದು ಗಂಟೆ ನಿಲ್ಲಿಸಿ. 100ರ ಕೆಳಗೆ ಇಳಿಯುವ ತನಕ ಫರ್ನೇಸ್ ತೆರೆಯಬೇಡಿ. ಬಿಸಿ ಇಂಗಾಲಕ್ಕೆ ಗಾಳಿ ತಾಗಿದರೆ ಕೈಗೆ ಸಿಗುವುದು ಬೂದಿ ಮಾತ್ರ. ನನ್ನ 10 ಸೆಂ.ಮೀ. ತುಂಡು ಸುಮಾರು 7 ಸೆಂ.ಮೀ.ಗೆ ಕುಗ್ಗುತ್ತದೆ, ತೂಕದಲ್ಲಿ ಹತ್ತಕ್ಕೆ ಎಂಟು ಪಾಲಿಗಿಂತ ಜಾಸ್ತಿ ಹೋಗುತ್ತದೆ. ಅಷ್ಟಾದರೂ ಪೆನ್ಸಿಲ್ ಸುತ್ತ ಸುತ್ತಿದರೆ ಮುರಿಯಬಾರದು. ಮುರಿದರೆ ಮುಂದಿನ ಹೆಜ್ಜೆಗೆ ಹೋಗಬೇಡಿ, ಸುಮ್ನೆ ಗಂಧಕ ದಂಡ.

ಇನ್ನು ಕುಡಿಸುವುದು. ಅಪ್ಪನ ತೋಟದ ಪುಡಿ ಇಲ್ಲಿ ನಡೆಯುವುದಿಲ್ಲ. ಆ ವೆಟ್ಟಬಲ್ ಸಲ್ಫರ್‌ನಲ್ಲಿ ಗಂಧಕ 80%, ಉಳಿದದ್ದು ನೀರಿನಲ್ಲಿ ಬೆರೆಯಲು ಹಾಕಿದ ಸಾಮಾನು. ಲ್ಯಾಬಿನ ಶುದ್ಧ ಪುಡಿಯೇ ಬೇಕು. ಬಟ್ಟೆಯನ್ನು 12 ಮಿ.ಮೀ. ಬಿಲ್ಲೆಗಳಾಗಿ ಕತ್ತರಿಸಿ ಒಂದೊಂದನ್ನೂ ತೂಗಿ. ಮೇಲೆ ಅಷ್ಟೇ ತೂಕದ ಪುಡಿ ಉದುರಿಸಿ, ಟೆಫ್ಲಾನ್ ಒಳಪದರ ಇರುವ ಸ್ಟೀಲ್ ಆಟೋಕ್ಲೇವ್‌ನಲ್ಲಿ (ಬಿಗಿ ಮುಚ್ಚಳದ ಡಬ್ಬಿ) ಆರ್ಗಾನ್ ತುಂಬಿ ಮುಚ್ಚಿ, 155 ಡಿಗ್ರಿಯಲ್ಲಿ 12 ಗಂಟೆ ಬಿಡಿ. ಕೆನಡಾದ ವಾಟರ್‌ಲೂನಲ್ಲಿ ಲಿಂಡಾ ನಜರ್ ಅವರ ತಂಡ 2009ರಲ್ಲಿ ಇಂಗಾಲದ ಸಣ್ಣ ರಂಧ್ರಗಳಿಗೆ ಗಂಧಕ ತುಂಬಿದ್ದು ಈ 155ರಲ್ಲೇ. ನಾವೆಲ್ಲ ಇನ್ನೂ ಅದನ್ನೇ ಮಾಡುತ್ತೇವೆ.

155ಕ್ಕೆ ಕಾರಣವಿದೆ. ಗಂಧಕ 115ರ ಸುಮಾರಿಗೆ ಕರಗುತ್ತದೆ, 155ರ ಹೊತ್ತಿಗೆ ನೀರಿನಂತೆ ತೆಳ್ಳಗಾಗುತ್ತದೆ. 160 ದಾಟಿದರೆ ಎಂಟು ಪರಮಾಣುಗಳ ಬಳೆಗಳು ಒಡೆದು ಉದ್ದ ಸರಪಳಿಗಳಾಗುತ್ತವೆ, ಬೆಲ್ಲದ ಪಾಕ ಏರಿದಂತೆ ಗಟ್ಟಿಯಾಗುತ್ತದೆ. ಮೊದಲ ವರ್ಷ ನಾನು ಓವನ್ನಿನ ಡಿಸ್‌ಪ್ಲೇ ನಂಬಿಕೊಂಡಿದ್ದೆ. ಒಂದು ದಿನ ಒಳಗೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿದರೆ 174! ಎರಡು ತಿಂಗಳಿಂದ ಬಿಲ್ಲೆಗಳ ಮೇಲೆ ಹಳದಿ ಗಂಟು ಕೂರುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು.

ಕುಡಿಸಿದ ಮೇಲೆ ಮತ್ತೆ ತೂಗಿ. 12 ಮಿ.ಮೀ. ಬಿಲ್ಲೆಯ ವಿಸ್ತೀರ್ಣ 1.13 ಚದರ ಸೆಂ.ಮೀ. ಚದರ ಸೆಂ.ಮೀ.ಗೆ 3 ಮಿ.ಗ್ರಾಂ. ಬೇಕೆಂದರೆ ಒಂದು ಬಿಲ್ಲೆಗೆ 3.4 ಮಿ.ಗ್ರಾಂ. ಗಂಧಕ ಸೇರಿರಬೇಕು. ಒಣಗಿಸಲು ಬಿಸಿ ವ್ಯಾಕ್ಯೂಮ್ ಓವನ್ ಬಳಸಲೇಬೇಡಿ. ನಿರ್ವಾತದಲ್ಲಿ ಗಂಧಕ ಆವಿಯಾಗಿ ಹೋಗುತ್ತದೆ, ನಿಮ್ಮ ತೂಕದ ಲೆಕ್ಕ ಸುಳ್ಳಾಗುತ್ತದೆ. ಈ ಲೋಡಿಂಗ್, ಅಂದರೆ ಚದರ ಸೆಂ.ಮೀ.ಗೆ ಎಷ್ಟು ಗಂಧಕ ಎಂಬುದನ್ನು, ಹೇಳದೆ ಬರೀ ಗ್ರಾಂ ಲೆಕ್ಕದಲ್ಲಿ ಜಂಬ ಕೊಚ್ಚುವ ಪೇಪರುಗಳನ್ನು ನಾನು ಬದಿಗಿಡುತ್ತೇನೆ. ಚದರ ಸೆಂ.ಮೀ.ಗೆ ಅರ್ಧ ಮಿ.ಗ್ರಾಂ. ಹಾಕಿದರೆ ಯಾವ ಇಂಗಾಲವೂ ಚೆನ್ನಾಗೇ ಓಡುತ್ತದೆ, ಅಲ್ವಾ?

ಸೆಲ್ ಕಟ್ಟುವುದು ಮಾಮೂಲಿ ಕಾಯಿನ್ ಸೆಲ್‌ನಂತೆಯೇ (ನಾಣ್ಯದಾಕಾರದ ಬ್ಯಾಟರಿ), ಎದುರಿಗೆ ಲಿಥಿಯಂ ಹಾಳೆ. ಆದರೆ ಕಾರ್ಬೊನೇಟ್ ಎಲೆಕ್ಟ್ರೋಲೈಟ್ ಬೇಡ, ಪಾಲಿಸಲ್ಫೈಡ್ ಅದರ ಜೊತೆ ಕಿತ್ತಾಡುತ್ತದೆ. ಡೈಆಕ್ಸೋಲೇನ್ ಮತ್ತು ಡೈಮೀಥಾಕ್ಸಿಈಥೇನ್ ಸಮ ಅಳತೆಯಲ್ಲಿ, ಅದಕ್ಕೆ ಲಿಟಿಎಫ್‌ಎಸ್‌ಐ (LiTFSI) ಎಂಬ ಲಿಥಿಯಂ ಉಪ್ಪು 1 ಮೋಲಾರ್, ಜೊತೆಗೆ 2% ಲಿಥಿಯಂ ನೈಟ್ರೇಟ್. ಮಿ.ಗ್ರಾಂ. ಗಂಧಕಕ್ಕೆ 15 ಮೈಕ್ರೋಲೀಟರ್‌ನಂತೆ ಹಾಕಿ. ಬಟ್ಟೆ ದಪ್ಪ ಇರುವುದರಿಂದ ತೆಳುವಾದ ಸ್ಪೇಸರ್ ಹಾಕಿ, ಇಲ್ಲದಿದ್ದರೆ ಕ್ರಿಂಪ್ ಮಾಡುವಾಗ, ಅಂದರೆ ಸೆಲ್ ಒತ್ತಿ ಮುಚ್ಚುವಾಗ, ಬಟ್ಟೆ ಜಜ್ಜಿಹೋಗುತ್ತದೆ.

ಪರೀಕ್ಷೆಗೆ 1.7 ರಿಂದ 2.8 ವೋಲ್ಟ್, ಮೊದಲು 0.57 ಮಿಲಿಆಂಪ್, ಅಂದರೆ ಲೆಕ್ಕದ ಪೂರ್ತಿ ಚಾರ್ಜ್ ಹತ್ತು ಗಂಟೆಯಲ್ಲಿ ಖಾಲಿಯಾಗುವ ವೇಗ. 1.7ರ ಕೆಳಗೆ ಇಳಿಸಿದರೆ ನೈಟ್ರೇಟ್ ಕ್ಯಾಥೋಡ್‌ನಲ್ಲೇ ಮುರಿಯುತ್ತದೆ. ಡಿಸ್‌ಚಾರ್ಜ್‌ನಲ್ಲಿ ಎರಡು ಮೆಟ್ಟಿಲು ಕಾಣಬೇಕು: 2.3ರ ಹತ್ತಿರ ಚಿಕ್ಕದು, 2.1ರ ಹತ್ತಿರ ಉದ್ದದ್ದು. ಪೂರ್ತಿ ನಡೆದರೆ ಎರಡನೆಯದು ಮೊದಲನೆಯದರ ಮೂರು ಪಟ್ಟು. ಅದು ಮೊಟಕಾಗಿದ್ದರೆ ಪಾಲಿಸಲ್ಫೈಡ್ ಓಡಿಹೋಗಿದೆ, ಇಲ್ಲವೇ ಬಟ್ಟೆಯ ಒಳಮೈ ಸಾಲದು. ಚಾರ್ಜ್ ಮುಗಿಯದೆ ಎಳೆಯುತ್ತಲೇ ಇದ್ದರೂ ಕಾರಣ ಅದೇ ಓಡಾಟ. ಹಳೆಯ ಸೆಲ್ ಬಿಚ್ಚುವಾಗ ಹುಷಾರು. ತೇವ ತಾಗಿದರೆ ಲಿಥಿಯಂ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ, ಅದು ವಿಷ.

ಕೊನೆಗೆ ಬಾಗಿಸುವುದು. ಬಾಗಿಸಿದ ಸೆಲ್‌ನಲ್ಲಿ ಎಲ್‌ಇಡಿ ಉರಿಯುವ ಫೋಟೋ ಎಲ್ಲರ ಹತ್ತಿರ ಇರುತ್ತದೆ. ಅದು ಒಂದು ಸಲದ ಮಾತು. ನಾನು ಬಟ್ಟೆಯನ್ನು ಒಂದು ಇಂಚಿನ ಪಿವಿಸಿ ಪೈಪಿಗೆ 500 ಸಲ ಸುತ್ತಿ ಬಿಚ್ಚಿ, ನೂರು ಸಲಕ್ಕೊಮ್ಮೆ ರೆಸಿಸ್ಟೆನ್ಸ್ ಬರೆದಿಡುತ್ತೇನೆ. ಬಟ್ಟೆ ಪಾಸಾಗುತ್ತದೆ. ಪೌಚ್ ಸೆಲ್ (ಮೆತ್ತನೆಯ ಚೀಲದಲ್ಲಿ ಮುಚ್ಚಿದ ಸೆಲ್) ಮಾಡಿದಾಗ ಕೈಕೊಡುವುದು ಎದುರಿಗಿರುವ ಲಿಥಿಯಂ ಹಾಳೆ. ಅದು ಮಡಿಕೆ ಬಿದ್ದರೆ ವಾಪಸ್ ನೆಟ್ಟಗಾಗುವುದಿಲ್ಲ. ಅದನ್ನೂ ಇದೇ ಬಟ್ಟೆಗೆ ಕುಡಿಸಲು ನೋಡಿದೆ, ಆದರೆ ಕರಗಿದ ಲಿಥಿಯಂ ಬರೀ ಇಂಗಾಲಕ್ಕೆ ಅಂಟದೆ ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರುತ್ತದೆ. ಸದ್ಯಕ್ಕೆ ನನ್ನ ಪೌಚ್ ಪೈಪಿನ ಸುತ್ತ ಬಾಗುತ್ತದೆ, ಪೆನ್ಸಿಲ್ ಸುತ್ತ ಇನ್ನೂ ಇಲ್ಲ.