ಬಾಣಂತನದಲ್ಲಿ ನಾನು ಉಳಿಸಿಕೊಂಡದ್ದು, ಕೈಬಿಟ್ಟದ್ದು

ಗದಗ ಜಿಲ್ಲೆಯ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದ ನನಗೆ ಊರವರ ಬಾಣಂತನ ನೋಡಿ ಗೊತ್ತಿತ್ತೇ ಹೊರತು, ನಾನೇ ಮುಂದೆ ನಿಂತು ಮಾಡಿದ್ದು ಹುಬ್ಬಳ್ಳಿಯ ನಮ್ಮ ಮನೆಯಲ್ಲಿ, ಮಗಳ ಎರಡನೆಯ ಹೆರಿಗೆಗೆ. ಅವಳ ಮೊದಲ ಹೆರಿಗೆ ನೆದರ್ಲೆಂಡ್ಸ್‌ನಲ್ಲಿ ಆಗಿತ್ತು. ಅಲ್ಲಿ ವಿಮೆಯ ಲೆಕ್ಕದಲ್ಲಿ ತರಬೇತಿ ಪಡೆದ ಆರೈಕೆಯಾಕೆಯೊಬ್ಬಳು ಸುಮಾರು 8ರಿಂದ 10 ದಿನ ಮನೆಗೇ ಬಂದು, ತಾಯಿಯ ಜ್ವರ, ರಕ್ತಸ್ರಾವ, ಹೊಲಿಗೆ ಮತ್ತು ಮಗುವಿನ ತೂಕ ನೋಡುತ್ತಾಳೆ, ಹಾಲೂಡಿಸುವುದನ್ನು ಕಲಿಸುತ್ತಾಳೆ, ಮನೆಯ ಸಣ್ಣಪುಟ್ಟ ಕೆಲಸವನ್ನೂ ಮಾಡಿ ಹೋಗುತ್ತಾಳೆ. ಆಕೆ ಬಗ್ಗಿ ಬೆನ್ನು ನೋಯಿಸಿಕೊಳ್ಳಬಾರದೆಂದು ಬಾಣಂತಿಯ ಮಂಚದ ಕಾಲಡಿ ದಿಮ್ಮಿ ಇಟ್ಟು ಎತ್ತರಿಸಿರಬೇಕು. ಇದನ್ನು ಕೇಳಿದ ನಮ್ಮವ್ವ, ಕೆಳಗೆ ಅಗ್ಗಿಷ್ಟಿಗೆ ಇಡುವುದಕ್ಕೆಂದೇ ಹಾಗೆ ಎತ್ತರಿಸುತ್ತಾರೆಂದು ತಿಳಿದಳು.

ಅಗ್ಗಿಷ್ಟಿಗೆಯ ವಿಷಯದಲ್ಲೇ ನಮ್ಮಿಬ್ಬರಿಗೆ ಮೊದಲ ವಾದವಾಯಿತು. ಹೊರಸಿನಡಿ ಕೆಂಡವಿಟ್ಟು ಬಾಣಂತಿಗೆ ಶಾಖ ಕೊಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ಥಾಯ್ಲೆಂಡಿನಲ್ಲಿಯೂ ಹೆರಿಗೆಯಾದವಳನ್ನು ಬೆಂಕಿಯ ಪಕ್ಕದಲ್ಲಿ ಮಲಗಿಸುವ ರೂಢಿಯಿತ್ತು. ಹೆತ್ತವಳ ಮೈ ತಂಪಾಗಿರುತ್ತದೆ, ಅದಕ್ಕೆ ಕಾವು ಬೇಕು ಎಂಬ ನಂಬಿಕೆ ಚೀನಾದಿಂದ ಮೆಕ್ಸಿಕೋವರೆಗೂ ಹಬ್ಬಿದೆ. ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಜೀವಕ್ಕೇ ಅಪಾಯವಾಗಬಹುದು, ಹೊಗೆಯಂತೂ ಹಸುಗೂಸಿನ ಶ್ವಾಸಕೋಶಕ್ಕೆ ಹಾನಿ. ಆದ್ದರಿಂದ ಕೆಂಡವನ್ನೂ ಮಗುವಿಗೆ ಹಾಕುವ ಲೋಬಾನದ ಹೊಗೆಯನ್ನೂ ಪೂರ್ತಿ ನಿಲ್ಲಿಸಿ, ಬೆನ್ನಿಗೆ ಬಿಸಿನೀರಿನ ಚೀಲ ಕೊಟ್ಟೆ. ಅವ್ವ ಎರಡು ದಿನ ಮುನಿಸಿಕೊಂಡಳು, ಅಷ್ಟೇ.

ನೀರಿನ ವಿಷಯ ಇದಕ್ಕಿಂತ ಸೂಕ್ಷ್ಮವಾಗಿತ್ತು. ನೀರು ಕುಡಿದರೆ ಹೊಟ್ಟೆ ಇಳಿಯುವುದಿಲ್ಲವೆಂದು ಬಾಣಂತಿಗೆ ಗುಟುಕು ಲೆಕ್ಕದಲ್ಲಿ ನೀರು ಕೊಡುವ ಮನೆಗಳನ್ನು ನಾನು ಸೇವೆಯಲ್ಲಿದ್ದಾಗ ಬೇಕಾದಷ್ಟು ಕಂಡಿದ್ದೇನೆ. ಮಲಬದ್ಧತೆ, ಉರಿಮೂತ್ರ ಎಂದು ಆಮೇಲೆ ನಮ್ಮ ಬಳಿಗೇ ಬರುತ್ತಿದ್ದರು. ನೇರವಾಗಿ ಎದುರಾಡುವುದರ ಬದಲು ಅಜಿವಾನ ಹಾಕಿ ಕುದಿಸಿದ ನೀರನ್ನು ಥರ್ಮಾಸಿನಲ್ಲಿ ತುಂಬಿ ಮಗಳ ತಲೆದೆಸೆಗಿಟ್ಟು, ಪ್ರತಿಸಲ ಹಾಲೂಡಿಸಲು ಕೂಡುವಾಗ ಒಂದು ಲೋಟ ಕುಡಿಯಲು ಹೇಳಿದೆ. ಅಜಿವಾನದ ನೀರೆಂದರೆ ಔಷಧಿ, ಅದಕ್ಕೆ ಅವ್ವನ ತಕರಾರಿಲ್ಲ.

ಊಟದಲ್ಲಿ ನಾನು ಹೆಚ್ಚೇನೂ ಬದಲಿಸಲಿಲ್ಲ. ನೆನೆಸಿದ ಅಳವಿಗೆ ಬೆಲ್ಲ, ಹಾಲು ಹಾಕಿ ಮಾಡಿದ ಪಾಯಸ, ಬಳ್ಳೊಳ್ಳಿ ಒಗ್ಗರಣೆಯ ಸಬ್ಬಸಿಗೆ ಪಲ್ಯ, ಜೋಳದ ರೊಟ್ಟಿ, ಬೇಳೆಯ ಕಟ್ಟು, ಇವೆಲ್ಲ ಹಾಗೆಯೇ ನಡೆದವು. ಅಂಟಿನುಂಡಿಗೆ ಅಂಟನ್ನು ತುಪ್ಪದಲ್ಲಿ ಸ್ವಲ್ಪಸ್ವಲ್ಪವಾಗಿ ಬಿಟ್ಟು ಅರಳಿನಂತೆ ಉಬ್ಬಿಸಬೇಕು. ಒಳಗೆ ಹಸಿ ಉಳಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕೆ ಉತ್ತತ್ತಿ, ಕೊಬ್ಬರಿ, ಗಸಗಸೆ, ಬೆಲ್ಲ ಸೇರಿಸಿದೆ, ಆದರೆ ತುಪ್ಪವನ್ನು ಅವ್ವನ ಅಳತೆಯ ಅರ್ಧಕ್ಕೆ ಇಳಿಸಿದೆ. ಊಟದ ಮೇಲೆ ಬಡೇಸೋಪು ಕೊಟ್ಟಾಗ ಮಗಳು ನಕ್ಕಳು. ನೆದರ್ಲೆಂಡ್ಸ್‌ನಲ್ಲಿ ಮಗು ನೋಡಲು ಬಂದವರಿಗೆ, ಅದೇ ಜಾತಿಯ ಸೋಂಪಿನ ಕಾಳಿಗೆ ಸಕ್ಕರೆ ಲೇಪಿಸಿ ರಸ್ಕಿನ ಮೇಲೆ ಉದುರಿಸಿ ಕೊಡುತ್ತಾರಂತೆ, ಅಲ್ಲಿಯೂ ಅದು ಹಾಲು ಹೆಚ್ಚಿಸುತ್ತದೆಂದು ಹಿಂದಿನಿಂದ ನಂಬಿಕೆ. ಕೊರಿಯಾದಲ್ಲಿ ಬಾಣಂತಿಗೆ ಕಡಲಪಾಚಿಯ ಸಾರು ಕೊಡುತ್ತಾರೆ. ಹಾಲು ಹೆಚ್ಚಲು ಕಾಳುಕಡಿಗಳಿಗಿಂತ ಮಗು ಮೇಲಿಂದ ಮೇಲೆ ಚೀಪುವುದೇ ಮುಖ್ಯವೆಂಬುದು ನನ್ನ ತಿಳಿವಳಿಕೆ. ಹಾಗೆಂದು ಅಳವಿ ಪಾಯಸ ನಿಲ್ಲಿಸಬೇಕಾಗಿಲ್ಲ.

ಈ ಸಲ ಸಿಸೇರಿಯನ್ ಆಗಿದ್ದರಿಂದ ಎಣ್ಣೆನೀರಿಗೆ ಅವಸರ ಮಾಡಲಿಲ್ಲ. ನೀರು ಹಾಕಲು ಬರುವಾಕೆಗೆ ಗಾಯ ಒಣಗುವ ತನಕ ಕೈಕಾಲು, ಬೆನ್ನಿಗಷ್ಟೇ ಎಣ್ಣೆ ತಿಕ್ಕಲು ಹೇಳಿದೆ, ಚೊಂಬಿನಿಂದ ಹೊಟ್ಟೆಯ ಮೇಲೆ ಜೋರಾಗಿ ಕುದಿನೀರು ಎರಚುವುದನ್ನು ಬಿಡಿಸಿದೆ. ಸೀರೆಯಿಂದ ಹೊಟ್ಟೆ ಬಿಗಿದು ಕಟ್ಟುವುದನ್ನೂ ಒಪ್ಪಲಿಲ್ಲ, ವೈದ್ಯರು ಹೇಳಿದ ಸಡಿಲ ಪಟ್ಟಿ ಸಾಕಾಯಿತು. ಹಾಸಿಗೆ ಬಿಟ್ಟೇಳಬಾರದೆಂಬ ಕಟ್ಟಳೆಯನ್ನೂ ಮುರಿದೆ. ಶಸ್ತ್ರಚಿಕಿತ್ಸೆಯಾದವರು ಬಹುಕಾಲ ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿರುತ್ತದೆ, ಹೀಗಾಗಿ ಮಗಳು ದಿನಕ್ಕೆ ಹಲವು ಸಲ ಪಡಸಾಲೆಯಲ್ಲಿ ನಡೆದಾಡಿದಳು.

ಬಾಣಂತನದ ಅವಧಿಯನ್ನು ಕೊರಿಯಾದವರು 21 ದಿನ, ಚೀನಾದವರು ಒಂದು ತಿಂಗಳು, ಮೆಕ್ಸಿಕೋದವರು 40 ದಿನ ಎಂದು ಲೆಕ್ಕ ಹಾಕುತ್ತಾರೆ. ವೈದ್ಯಶಾಸ್ತ್ರದ ಲೆಕ್ಕ 42 ದಿನ, ಆಶಾ ಕಾರ್ಯಕರ್ತೆಯ ಮನೆಭೇಟಿಯೂ 42ನೇ ದಿನದವರೆಗೆ ನಡೆಯುತ್ತದೆ. ಈ ಅವಧಿಯಲ್ಲಿ ಬಾಣಂತಿಯನ್ನು ಒಬ್ಬಳನ್ನೇ ಬಿಡಬಾರದೆಂಬ ನಮ್ಮ ಹಿರಿಯರ ನಿಯಮವನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಅವರು ಗಾಳಿ, ದೃಷ್ಟಿ ಎಂದು ಕಾರಣ ಹೇಳುತ್ತಿದ್ದರು, ನನ್ನ ಕಾರಣ ನಿದ್ದೆ ಮತ್ತು ಮನಸ್ಸು. ರಾತ್ರಿ ಹಾಲೂಡಿಸಿದ ಕೂಡಲೇ ಮಗುವನ್ನು ನಾನು ಎತ್ತಿಕೊಳ್ಳುತ್ತಿದ್ದೆ, ಅವಳು ಮಲಗುತ್ತಿದ್ದಳು. ಮೊದಲ ವಾರದಲ್ಲಿ ಬಾಣಂತಿಗೆ ಅಳು ಬರುವುದು ಸಹಜ, ಅದು ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಲೇಬೇಕೆಂದು ಅಳಿಯನಿಗೂ ಹೇಳಿಟ್ಟಿದ್ದೆ. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತಸ್ರಾವ, ದುರ್ವಾಸನೆ, ಚಳಿಜ್ವರ ಕಂಡರೆ ಕಷಾಯ ಕಾಯಿಸುತ್ತ ಕೂಡದೆ ಆಸ್ಪತ್ರೆಗೆ ಹೊರಡಬೇಕು ಎಂಬುದನ್ನು ಅವ್ವನಿಗೆ ಬಿಡಿಸಿ ಹೇಳಿದ್ದೆ.

ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರ 180 ದಿನ ತೆಗೆದುಕೊಳ್ಳಬೇಕು. ಅದನ್ನು ಚಹಾದ ಜೊತೆಗಾಗಲಿ ಕ್ಯಾಲ್ಸಿಯಂ ಮಾತ್ರೆಯ ಜೊತೆಗಾಗಲಿ ನುಂಗಬಾರದು. ಗಂಡನ ಮನೆಗೆ ಹೊರಟ ದಿನವೇ ಬಹಳ ಹೆಣ್ಣುಮಕ್ಕಳು ಇದನ್ನು ನಿಲ್ಲಿಸಿಬಿಡುವುದನ್ನು ಕಂಡಿದ್ದರಿಂದ, ಮಗಳು ಹೊರಡುವಾಗ ಉಳಿದ ದಿನಗಳ ಮಾತ್ರೆಗಳನ್ನು ಎಣಿಸಿ ಅಳಿಯನ ಕೈಗೇ ಕೊಟ್ಟೆ.