ಗದ್ದದ ಕೂದಲಿಗೆ ಲೇಸರ್: ಹೋಗುವ ಮುಂಚೆ, ಹೋದ ದಿನ, ಬಂದ ಮೇಲೆ

ನನ್ನ ಬ್ಯಾಗಿನಲ್ಲಿ ಆರು ವರ್ಷ ಒಂದು ಚಿಮಟ ಇತ್ತು. ಮನೆಯ ಕನ್ನಡಿಯಲ್ಲಿ ಕಾಣದ ಕೂದಲು ಆಟೋ ಕನ್ನಡಿಯಲ್ಲಿ, ಅದೂ ಬಿಸಿಲು ಬಿದ್ದಾಗ, ಎಷ್ಟು ಚೆನ್ನಾಗಿ ಕಾಣುತ್ತೆ ಅಂತ ಅನುಭವ ಇದ್ದವರಿಗೇ ಗೊತ್ತು. ಯಾರಾದರೂ ಹತ್ತಿರ ನಿಂತು ಮಾತಾಡಿದರೆ ಕೈ ತಾನಾಗಿ ಗದ್ದಕ್ಕೆ ಹೋಗುತ್ತದೆ. ಈಗಲೂ ಹೋಯ್ತು ಅಲ್ವಾ?

ಇದೆಲ್ಲ ಶೋಕಿ ಅನ್ನುವವರಿಗೆ ಒಂದು ಲೆಕ್ಕ ಹೇಳಿ. ಪಿಸಿಒಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ, ಮುಖದಲ್ಲಿ ಕೂದಲು ಬರುವ ತೊಂದರೆ) ಇದ್ದ 88 ಹೆಂಗಸರ ಮೇಲೆ ಲಂಡನ್ನಿನಲ್ಲಿ ಒಂದು ಅಧ್ಯಯನ ನಡೆದು 2005ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ಐದು ಸಲ ಸರಿಯಾದ ಶಕ್ತಿಯ ಲೇಸರ್ ಮಾಡಿಸಿಕೊಂಡವರು ಮುಖದ ಕೂದಲು ತೆಗೆಯಲು ವಾರಕ್ಕೆ 112 ನಿಮಿಷ ಕಳೆಯುತ್ತಿದ್ದದ್ದು 21 ನಿಮಿಷಕ್ಕೆ ಇಳಿಯಿತು. ಮನಸ್ಸಿನ ಕುಗ್ಗುವಿಕೆ, ಆತಂಕವೂ ಕಡಿಮೆಯಾಯಿತು.

ಮೊದಲ ಹೆಜ್ಜೆ ರಕ್ತ ಪರೀಕ್ಷೆ, ಲೇಸರ್ ಆಮೇಲೆ. ಮುಟ್ಟು ಏರುಪೇರಾಗಿ ಗದ್ದದಲ್ಲಿ ದಪ್ಪ ಕೂದಲು ಬಂದರೆ ಪಿಸಿಒಎಸ್ ಇರಬಹುದು. ಟೆಸ್ಟೋಸ್ಟೆರಾನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆ ಇಷ್ಟನ್ನು ಡಾಕ್ಟರ್ ಸಾಮಾನ್ಯವಾಗಿ ನೋಡುತ್ತಾರೆ. ಹಾರ್ಮೋನ್ ಹಾಗೇ ಬಿಟ್ಟು ಮೇಲೆ ಸುಡುತ್ತಾ ಹೋದರೆ ಹೊಸ ಕೂದಲು ಬರುತ್ತಲೇ ಇರುತ್ತದೆ. ಕೆಲವೇ ತಿಂಗಳಲ್ಲಿ ದಿಢೀರನೆ ಕೂದಲು ಹೆಚ್ಚಾಗಿ ದನಿಯೂ ಗಡಸಾದರೆ ಪಾರ್ಲರ್ ಕಡೆ ತಲೆ ಹಾಕಬೇಡಿ, ಸೀದಾ ಡಾಕ್ಟರ್ ಹತ್ತಿರ ಹೋಗಿ.

ಆಮೇಲೆ ಮೆಷಿನ್. ಇಲ್ಲಿ ಸ್ವಲ್ಪ ನಿಧಾನ ಮಾಡಿ. ಲೇಸರ್ ಬೆಳಕು ಕೂದಲಿನ ಕಪ್ಪು ಬಣ್ಣವನ್ನು ಹುಡುಕುತ್ತದೆ, ಆ ಬಣ್ಣ ಬೆಳಕು ಹೀರಿ ಬಿಸಿಯಾಗಿ ಬೇರನ್ನು ಸುಡುತ್ತದೆ. ನಮ್ಮ ಚರ್ಮದಲ್ಲೂ ಅದೇ ಬಣ್ಣ ಇದೆಯಲ್ಲ, ತೊಂದರೆ ಅಲ್ಲೇ. 1064 ನ್ಯಾನೊಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ) ಬೆಳಕಿನ ಎನ್‌ಡಿ-ಯಾಗ್ ಅನ್ನೋ ಲೇಸರ್ ಆಳಕ್ಕೆ ಇಳಿಯುತ್ತದೆ, ಚರ್ಮದ ಬಣ್ಣ ಅದನ್ನು ಕಡಿಮೆ ಹೀರುತ್ತದೆ, ಹಾಗಾಗಿ ಕಪ್ಪು ಚರ್ಮಕ್ಕೆ ಅದೇ ಹೆಚ್ಚು ಸುರಕ್ಷಿತ. 810ರ ಆಸುಪಾಸಿನ ಡಯೋಡ್ ಲೇಸರ್ ಕೂಡ ನಡೆಯುತ್ತದೆ, ಆದರೆ ಕೈ ಪಳಗಿದವರು ಬೇಕು. ನಾನು ಮೊದಲ ಸಲ ಆಫರ್ ನೋಡಿ ಹೋದ ಕಡೆ ಇದ್ಯಾವುದನ್ನೂ ಕೇಳಲಿಲ್ಲ. ದವಡೆ ಮೇಲೆ ಅಕ್ಕಿಕಾಳಿನಷ್ಟು ಎರಡು ಕಲೆ ಬಿದ್ದವು, ಹೋಗಲು ಐದು ತಿಂಗಳು ಹಿಡಿಯಿತು. ನೀವು ಮೆಷಿನ್ ಹೆಸರು ಕೇಳಿ, ಮುಖದ ಒಂದು ಮೂಲೆಯಲ್ಲಿ ಪ್ಯಾಚ್ ಟೆಸ್ಟ್ (ಚಿಕ್ಕ ಜಾಗದಲ್ಲಿ ಮೊದಲು ಪರೀಕ್ಷೆ) ಮಾಡಿಸಿ, ಪೂರ್ತಿ ಪ್ಯಾಕೇಜ್ ದುಡ್ಡು ಮೊದಲೇ ಕೊಡಬೇಡಿ.

ನಾಲ್ಕರಿಂದ ಆರು ವಾರ ಮುಂಚೆಯೇ ಥ್ರೆಡ್ಡಿಂಗ್, ವ್ಯಾಕ್ಸ್, ಚಿಮಟ ಎಲ್ಲ ಬಂದ್. ಕೂದಲಿನ ಬೇರನ್ನೇ ಕಿತ್ತುಬಿಟ್ಟರೆ ಲೇಸರ್ ಯಾವುದನ್ನು ಸುಡಬೇಕು? ಶೇವ್ ಮಾಡಬಹುದು. ಮಾಡಿದರೆ ದಪ್ಪ ಬರುತ್ತೆ ಅನ್ನೋದು ಸುಮ್ನೆ ಮಾತು. ಸನ್‌ಸ್ಕ್ರೀನ್ ತಪ್ಪಿಸಬೇಡಿ.

ಆ ದಿನ ಕಣ್ಣಿಗೆ ಕವಚ ಹಾಕಲೇಬೇಕು. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂತೆ ಚುರುಕ್ ಅನ್ನುತ್ತದೆ, ಮೇಲ್ತುಟಿಯ ಮೇಲೆ ಜಾಸ್ತಿ. ಹಬ್ಬದಲ್ಲಿ ಕುರಿ ತಲೆ ಸುಡುವಾಗ ಬರುತ್ತಲ್ಲ, ಅದೇ ವಾಸನೆ. ಹತ್ತು ನಿಮಿಷದ ಕೆಲಸ. ಮನೆಗೆ ಬಂದು ತಣ್ಣೀರು ಬಟ್ಟೆ ಇಡಿ, ಎರಡು ದಿನ ಬಿಸಿನೀರು, ಬ್ಲೀಚ್, ಸ್ಕ್ರಬ್ ಬೇಡ.

ಒಂದೆರಡು ವಾರದಲ್ಲಿ ಕಪ್ಪು ಚುಕ್ಕಿಗಳಂತೆ ಕೂದಲು ಮೇಲೆ ಬರುತ್ತದೆ. ದುಡ್ಡು ದಂಡ ಆಯ್ತು ಅಂತ ಅತ್ತುಬಿಡಬೇಡಿ, ಅವು ಉದುರಲು ಬಂದವು. ಕೀಳದೆ ಬಿಡಿ. ಬೆಳೆಯುವ ಹಂತದ ಕೂದಲಿಗಷ್ಟೇ ಲೇಸರ್ ತಾಗುವುದರಿಂದ ನಾಲ್ಕಾರು ವಾರಕ್ಕೊಮ್ಮೆ, ಆರೆಂಟು ಸಲವಾದರೂ ಹೋಗಬೇಕು. ಪೂರ್ತಿ ಹೋಗುತ್ತೆ, ಜೀವನಪರ್ಯಂತ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ಎದ್ದು ಬನ್ನಿ. ಕೂದಲು ಕಡಿಮೆಯಾಗುತ್ತದೆ, ತೆಳುವಾಗುತ್ತದೆ, ಆಗಾಗ ಒಂದು ಸಲ ಟಚ್‌ಅಪ್ ಬೇಕಾಗುತ್ತದೆ. ಬಿಳಿ ಕೂದಲಿಗೆ ಲೇಸರ್ ಕೆಲಸ ಮಾಡುವುದೇ ಇಲ್ಲ, ಅದಕ್ಕೆ ಎಲೆಕ್ಟ್ರಾಲಿಸಿಸ್ (ಸಣ್ಣ ಸೂಜಿಯಿಂದ ಒಂದೊಂದೇ ಕೂದಲಿನ ಬೇರಿಗೆ ಕರೆಂಟ್ ಕೊಡುವುದು) ಇದೆ.

ಇನ್ನೊಂದು, ಕ್ಲಿನಿಕ್‌ನವರು ಸಾಮಾನ್ಯವಾಗಿ ತಾವಾಗಿ ಹೇಳದ್ದು: ಕೆಲವರಿಗೆ, ಅದರಲ್ಲೂ ಪಿಸಿಒಎಸ್ ಇರುವವರಿಗೆ, ಲೇಸರ್ ಮಾಡಿದ ಜಾಗದ ಅಂಚಿನಲ್ಲಿ, ದವಡೆ ಕೆಳಗೆ, ಕತ್ತಿನ ಪಕ್ಕದಲ್ಲಿ ಹೊಸದಾಗಿ ಕೂದಲು ಹೆಚ್ಚುವುದುಂಟು. ಶುರು ಮಾಡುವ ಮುಂಚೆ ಬೆಳಕಿಗೆ ನಿಂತು ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಮೂರನೇ ಸಲದ ಹೊತ್ತಿಗೆ ಅದರ ಜೊತೆ ಇಟ್ಟು ನೋಡಿ, ಜಾಸ್ತಿ ಅನ್ನಿಸಿದರೆ ನಾಲ್ಕನೆಯದಕ್ಕೆ ಮಲಗುವ ಮುಂಚೆ ಆ ಫೋಟೊ ಡಾಕ್ಟರಿಗೆ ತೋರಿಸಿ.